ಸೀಟು ಯಾರದು, ಮತ ಯಾರದು? ಅಲ್ಪಸಂಖ್ಯಾತರ ಪ್ರಾತಿನಿಧ್ಯದ ಒಳಲೆಕ್ಕ

1957ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಶಾಸನಸಭೆ ಟಸ್ಕೀಗಿ ಪಟ್ಟಣದ ಗಡಿಯನ್ನು ಹೊಸದಾಗಿ ಬರೆಯಿತು. ಅದುವರೆಗೆ ಚೌಕವಾಗಿದ್ದ ಪಟ್ಟಣ 28 ಬದಿಗಳ ಅಂಕುಡೊಂಕು ಆಕೃತಿಯಾಯಿತು. ಒಳಗಿದ್ದ ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಜನರನ್ನು ಬಿಟ್ಟು ಮಿಕ್ಕವರೆಲ್ಲ ಗಡಿಯಾಚೆ ಬಿದ್ದರು. ಬಿಳಿಯ ಮತದಾರರಲ್ಲಿ ಒಬ್ಬರೂ ಆಚೆ ಹೋಗಲಿಲ್ಲ. ಆ ಕಾಯ್ದೆಯಲ್ಲಿ ಜನಾಂಗದ ಹೆಸರಿರಲಿಲ್ಲ, ಯಾರ ಮತದ ಹಕ್ಕನ್ನೂ ಕಸಿಯುವ ಮಾತಿರಲಿಲ್ಲ. ಇದ್ದದ್ದು ಗೆರೆ ಮಾತ್ರ. 1960ರಲ್ಲಿ ಗೊಮಿಲಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಡಿ ಬರೆಯುವುದು ರಾಜ್ಯದ ಅಧಿಕಾರವೇ ಆದರೂ ಕಪ್ಪು ಜನರ ಮತವನ್ನು ಹೊರದಬ್ಬಲು ಅದನ್ನು ಬಳಸುವಂತಿಲ್ಲ ಎಂದು ಹೇಳಿತು.

ಈ ನಕ್ಷೆಯಿಂದಲೇ ಶುರುಮಾಡಲು ಕಾರಣವಿದೆ. ಅಲ್ಪಸಂಖ್ಯಾತರ ಹಕ್ಕು ಎಂದೊಡನೆ ನಾವು ಮೊದಲು ಕೇಳುವುದು ಅವರಿಗೆ ಮತದಾನದ ಹಕ್ಕು ಇದೆಯೇ ಎಂದು. ಎರಡನೆಯದಾಗಿ ಕೇಳುವುದು ಸದನದಲ್ಲಿ ಅವರ ಕಡೆಯವರು ಎಷ್ಟು ಜನ ಇದ್ದಾರೆ ಎಂದು. ಈ ಎರಡು ಪ್ರಶ್ನೆಗಳ ನಡುವೆ ಮತದಾರರ ಪಟ್ಟಿ, ಕ್ಷೇತ್ರದ ಗಡಿ, ಎಣಿಕೆಯ ವಿಧಾನ, ಕನಿಷ್ಠ ಮತಮಿತಿ, ಪಕ್ಷದ ಟಿಕೆಟ್, ಸದನದ ನಿಯಮಾವಳಿ ಎಂಬ ಹಲವು ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಲ್ಲಿ ಬೇಕಾದರೂ ಮತ ಸೋರಿಹೋಗಬಹುದು. ಹಾಗಾಗಿ ಯಾವುದೇ ವ್ಯವಸ್ಥೆಯನ್ನು ಅಳೆಯುವಾಗ ನಾವು ಕೇಳಲೇಬೇಕಾದ ಪ್ರಶ್ನೆ ಬೇರೆ: ಈ ಸೀಟಿನಲ್ಲಿ ಕೂರುವವರನ್ನು ಆರಿಸಿದ ಮತ ಯಾರದು, ಮುಂದಿನ ಚುನಾವಣೆಯಲ್ಲಿ ಅವರು ಯಾರ ಮುಂದೆ ಹೋಗಿ ಕೈಮುಗಿಯಬೇಕು?

ಸಮಾನತೆ ಎಂಬ ಮಾತಿನ ಅರ್ಥವನ್ನು ಮೊದಲು ಖಚಿತ ಮಾಡಿಕೊಳ್ಳೋಣ. ಅಲ್ಬೇನಿಯಾ 1933ರಲ್ಲಿ ದೇಶದ ಎಲ್ಲ ಖಾಸಗಿ ಶಾಲೆಗಳನ್ನೂ ರದ್ದುಮಾಡಿತು. ನಿಯಮ ಎಲ್ಲರಿಗೂ ಒಂದೇ, ಆದ್ದರಿಂದ ತಾರತಮ್ಯವಿಲ್ಲ ಎಂಬುದು ಸರ್ಕಾರದ ವಾದ. ಆದರೆ ಬಹುಸಂಖ್ಯಾತರ ಮಕ್ಕಳಿಗೆ ಅವರ ಭಾಷೆಯ ಸರ್ಕಾರಿ ಶಾಲೆ ಇತ್ತು. ಗ್ರೀಕ್ ಭಾಷಿಕರಿಗೆ ಇದ್ದದ್ದು ಆ ಖಾಸಗಿ ಶಾಲೆಗಳೇ. 1935ರಲ್ಲಿ ಅಂತರರಾಷ್ಟ್ರೀಯ ನ್ಯಾಯದ ಕಾಯಂ ನ್ಯಾಯಾಲಯ, ಕಾನೂನಿನಲ್ಲಿನ ಸಮಾನತೆ ಬೇರೆ, ವಾಸ್ತವದಲ್ಲಿನ ಸಮಾನತೆ ಬೇರೆ, ಎರಡನೆಯದಕ್ಕೆ ಕೆಲವೊಮ್ಮೆ ಬೇರೆಬೇರೆ ನಡವಳಿಕೆಯೇ ಬೇಕಾಗುತ್ತದೆ ಎಂಬ ಅಭಿಪ್ರಾಯ ಕೊಟ್ಟಿತು. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 25ನೇ ವಿಧಿ ಎಲ್ಲ ಪ್ರಜೆಗಳಿಗೂ ತಾರತಮ್ಯವಿಲ್ಲದ ಮತದಾನ ಮತ್ತು ಸ್ಪರ್ಧೆಯ ಹಕ್ಕು ಕೊಡುತ್ತದೆ. 27ನೇ ವಿಧಿ ಅಲ್ಪಸಂಖ್ಯಾತರ ಸಂಸ್ಕೃತಿ, ಧರ್ಮ, ಭಾಷೆಯನ್ನು ಕಾಯುತ್ತದೆ. ಈ ಎರಡು ವಿಧಿಗಳನ್ನು ಒಟ್ಟಿಗೆ ಓದಿದಾಗ ಎದುರಾಗುವ, ಎಲ್ಲರಿಗೂ ಒಂದೇ ನಿಯಮವೋ ಅಲ್ಪಸಂಖ್ಯಾತರಿಗೆ ಬೇರೆ ರಕ್ಷಣೆಯೋ ಎಂಬ ಇಕ್ಕಟ್ಟೇ ಇವತ್ತಿನ ನಮ್ಮ ವಿಷಯ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕವಿಲ್ಲದೆ ಈ ವಿಷಯ ಅರ್ಥವಾಗುವುದಿಲ್ಲ, ಸ್ವಲ್ಪ ತಾಳ್ಮೆಯಿರಲಿ. 6,000 ಮತದಾರರಿರುವ ಒಂದು ಸಭೆಗೆ 5 ಸ್ಥಾನಗಳಿವೆ. ಅಲ್ಪಸಂಖ್ಯಾತರು 1,200, ಅಂದರೆ ಐದರಲ್ಲಿ ಒಂದು ಪಾಲು. ಎಲ್ಲರೂ ಮತ ಹಾಕುತ್ತಾರೆ, ಎರಡೂ ಕಡೆಯವರು ತಮ್ಮವರಿಗೇ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರಿಗೂ 5 ಮತ, ಒಬ್ಬ ಅಭ್ಯರ್ಥಿಗೆ ಒಂದೇ ಮತ ಎಂಬ ನಿಯಮವಿದ್ದರೆ ಬಹುಸಂಖ್ಯಾತರ ಐದೂ ಅಭ್ಯರ್ಥಿಗಳಿಗೆ ತಲಾ 4,800 ಬೀಳುತ್ತದೆ. ಅಲ್ಪಸಂಖ್ಯಾತರ ಅಭ್ಯರ್ಥಿಗೆ 1,200. ಫಲಿತಾಂಶ ಐದಕ್ಕೆ ಐದೂ ಒಂದೇ ಕಡೆಗೆ. ಇಲ್ಲಿ ಯಾರೂ ಮೋಸ ಮಾಡಿಲ್ಲ, ಪ್ರತಿ ಮತವನ್ನೂ ಸರಿಯಾಗಿಯೇ ಎಣಿಸಿದ್ದಾರೆ.

ಅದೇ ಐದು ಮತಗಳನ್ನು ಒಬ್ಬರಿಗೇ ಸುರಿಯಬಹುದು ಎಂದು ನಿಯಮ ಬದಲಿಸಿ. ಇದಕ್ಕೆ ಸಂಚಿತ ಮತ ಎನ್ನುತ್ತಾರೆ. 1,200 ಜನ ತಮ್ಮ ಐದೂ ಮತಗಳನ್ನು ಒಬ್ಬ ಅಭ್ಯರ್ಥಿಗೆ ಕೊಟ್ಟರೆ 6,000. ಎದುರಿನವರ 24,000 ಮತ ಐವರಲ್ಲಿ ಹಂಚಿದರೆ ತಲಾ 4,800. ಐದನ್ನೂ ಬಾಚಿಕೊಳ್ಳಲು ಅವರಿಗೆ ದಾರಿಯೇ ಇಲ್ಲ. ಅಲಬಾಮಾದ ಚಿಲ್ಟನ್ ಕೌಂಟಿ 1988ರಲ್ಲಿ ಈ ವಿಧಾನಕ್ಕೆ ಬಂದಾಗ ಅಲ್ಲಿನ ಆಡಳಿತ ಮಂಡಳಿಗೆ ಮೊದಲ ಸಲ ಒಬ್ಬ ಕಪ್ಪು ಸದಸ್ಯ ಆಯ್ಕೆಯಾದರು. ಜನ ಅವರೇ, ಊರೂ ಅದೇ, ಗಡಿಯಲ್ಲಿ ಗೀಟು ಎಳೆಯಬೇಕಾಗಿಯೂ ಬರಲಿಲ್ಲ. ಆದರೆ ಈ ವಿಧಾನಕ್ಕೆ ಕಟ್ಟುನಿಟ್ಟಿನ ಒಗ್ಗಟ್ಟು ಬೇಕು. ಅಲ್ಪಸಂಖ್ಯಾತರಲ್ಲಿ ಮೂವರು ನಿಂತು ಮತ ಹಂಚಿಹೋದರೆ ಮತ್ತೆ ಸೊನ್ನೆ.

ಏಕ ವರ್ಗಾವಣೆ ಮತ ಆ ಕಷ್ಟವನ್ನು ಬಿಡಿಸುತ್ತದೆ. ಮತದಾರ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆಯುತ್ತಾನೆ. ಗೆಲ್ಲಲು ಬೇಕಾದ ಕೋಟಾ ಎಂದರೆ ಒಟ್ಟು ಮತವನ್ನು ಸ್ಥಾನಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ ಒಂದು ಸೇರಿಸುವುದು. ಇಲ್ಲಿ 6,000 ಭಾಗ 6, ಜೊತೆಗೆ 1, ಒಟ್ಟು 1,001. ಅಲ್ಪಸಂಖ್ಯಾತರ ಮೂವರಿಗೆ 500, 400, 300 ಬಂತು ಎನ್ನಿ. 300ರವರು ಹೊರಬೀಳುತ್ತಾರೆ, ಅವರ ಮತಪತ್ರಗಳು ಎರಡನೇ ಆಯ್ಕೆಗೆ ಹೋಗುತ್ತವೆ. ಆಮೇಲೆ ಉಳಿದಿಬ್ಬರಲ್ಲಿ ಹಿಂದಿರುವವರು ಹೊರಬೀಳುತ್ತಾರೆ. ಕೊನೆಗೆ ಒಬ್ಬರ ಹತ್ತಿರ 1,200 ಸೇರಿ ಕೋಟಾ ದಾಟುತ್ತಾರೆ. ಮೂವರು ನಿಂತರೂ ಸ್ಥಾನ ಕೈತಪ್ಪಲಿಲ್ಲ, ಜೊತೆಗೆ ತಮ್ಮೊಳಗೆ ಯಾರು ಬೇಕು ಎಂಬುದನ್ನೂ ಅವರೇ ತೀರ್ಮಾನಿಸಿದರು. ಇಲ್ಲಿ ಎಡವುವ ಜಾಗ ಒಂದಿದೆ. ವರ್ಗಾವಣೆಯಾಗಬೇಕಾದ ಮತಪತ್ರಗಳಲ್ಲಿ 250ರಲ್ಲಿ ಮೊದಲ ಆಯ್ಕೆ ಬಿಟ್ಟು ಮುಂದೇನೂ ಬರೆದಿಲ್ಲದಿದ್ದರೆ ಕೊನೆಗೆ ಉಳಿಯುವುದು 950. ಎದುರಿನವರು ತಮ್ಮ 4,800ನ್ನು ಐವರಲ್ಲಿ ಸಮವಾಗಿ ಹಂಚಿದ್ದರೆ ತಲಾ 960. ಹತ್ತು ಮತದಿಂದ ಸೋಲು. ಈ ವಿಧಾನ ಜಾರಿಗೆ ತರುವವರು ಮತಪತ್ರ ತುಂಬುವುದನ್ನು ಕಲಿಸಲು ಹಣ ಮತ್ತು ಸಮಯ ಎತ್ತಿಡದಿದ್ದರೆ ಸೋಲುವುದು ಓದುಬರಹ ಕಡಿಮೆ ಇರುವ ಸಮುದಾಯವೇ.

ಕ್ಷೇತ್ರಕ್ಕೆ ಎಷ್ಟು ಸ್ಥಾನ ಎಂಬುದು ಆಡಳಿತದ ಸಣ್ಣ ವಿವರ ಎಂದು ತೋರಬಹುದು, ಹಾಗಲ್ಲ. ಮೂರು ಸ್ಥಾನದ ಕ್ಷೇತ್ರದಲ್ಲಿ ಗೆಲ್ಲಲು ಶೇ. 25 ಮತ ಬೇಕು, ಐದು ಸ್ಥಾನಕ್ಕೆ ಶೇ. 16.7, ಆರು ಸ್ಥಾನಕ್ಕೆ ಶೇ. 14.3. ಉತ್ತರ ಐರ್ಲೆಂಡಿನ ವಿಧಾನಸಭೆಯ 18 ಕ್ಷೇತ್ರಗಳಿಗೆ 1998ರಿಂದ ತಲಾ ಆರು ಸ್ಥಾನ ಇತ್ತು. 2017ರಲ್ಲಿ ಐದಕ್ಕೆ ಇಳಿದು ಸದನ 108ರಿಂದ 90ಕ್ಕೆ ಬಂತು. ಖರ್ಚು ಉಳಿಸುವ ಕ್ರಮ ಎಂದು ಹೇಳಿದರೂ ಸಣ್ಣ ಗುಂಪಿನ ಪಾಲಿಗೆ ಬಾಗಿಲಿನ ಹೊಸ್ತಿಲು ಸುಮಾರು 2.4 ಅಂಶ ಮೇಲೇರಿದಂತೆ.

ಏಕಸದಸ್ಯ ಕ್ಷೇತ್ರಗಳಲ್ಲಿ ಎಲ್ಲವೂ ಗಡಿಯ ಮೇಲೆ ನಿಂತಿದೆ. ತಲಾ 1,000 ಜನರ ಐದು ಕ್ಷೇತ್ರ, ಒಟ್ಟು 5,000ದಲ್ಲಿ ಅಲ್ಪಸಂಖ್ಯಾತರು 1,500. ಪ್ರತಿ ಕ್ಷೇತ್ರಕ್ಕೆ 300ರಂತೆ ಚದುರಿಸಿದರೆ ಅವರಿಗೆ ಒಂದೂ ಸ್ಥಾನವಿಲ್ಲ. 900 ಜನರನ್ನು ಒಂದರಲ್ಲೇ ತುರುಕಿ ಮಿಕ್ಕ 600ನ್ನು 150ರಂತೆ ಹಂಚಿದರೆ ಒಂದು ಸ್ಥಾನ. 540ರಂತೆ ಎರಡು ಕ್ಷೇತ್ರದಲ್ಲಿಟ್ಟರೆ ಎರಡು. ಒಡೆಯುವುದು, ತುರುಕುವುದು ಎಂಬ ಈ ಎರಡು ಕೈಚಳಕಗಳನ್ನು ಗುರುತಿಸಲು 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜಿಂಗಲ್ಸ್ ಪ್ರಕರಣದಲ್ಲಿ ಮೂರು ಪರೀಕ್ಷೆ ಇಟ್ಟಿತು: ಒಂದು ಕ್ಷೇತ್ರದಲ್ಲಿ ಬಹುಮತವಾಗುವಷ್ಟು ದೊಡ್ಡದಾಗಿ, ಒತ್ತಾಗಿ ಸಮುದಾಯ ನೆಲೆಸಿದೆಯೇ, ಅದು ಒಗ್ಗಟ್ಟಿನಿಂದ ಮತ ಹಾಕುತ್ತದೆಯೇ, ಎದುರಿನ ಬಹುಮತವೂ ಕಟ್ಟಾಗಿ ಮತ ಹಾಕಿ ಅವರ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಸೋಲಿಸುತ್ತದೆಯೇ.

ನಕ್ಷೆ ಮಾಡುವವರು ಮತ್ತೆ ಮತ್ತೆ ಮಾಡುವ ತಪ್ಪೆಂದರೆ ತಲೆ ಎಣಿಸಿ ನಿಲ್ಲಿಸುವುದು. ಮೇಲಿನ ಕ್ಷೇತ್ರದ 540 ಅಲ್ಪಸಂಖ್ಯಾತರು ಮತ್ತು ಉಳಿದ 460 ಜನರನ್ನೇ ತೆಗೆದುಕೊಳ್ಳಿ. ಅಲ್ಪಸಂಖ್ಯಾತರಲ್ಲಿ ಶೇ. 60, ಉಳಿದವರಲ್ಲಿ ಶೇ. 75 ಮಂದಿ ಮತಗಟ್ಟೆಗೆ ಬಂದರೆ ಬೀಳುವ ಮತ 324 ಮತ್ತು 345. ನಕ್ಷೆಯಲ್ಲಿ ಬಹುಮತ, ಪೆಟ್ಟಿಗೆಯಲ್ಲಿ ಸೋಲು. ಮಕ್ಕಳ ಪ್ರಮಾಣ ಹೆಚ್ಚಿರುವ, ಪೌರತ್ವದ ದಾಖಲೆ ಕಡಿಮೆ ಇರುವ, ದುಡಿಮೆಗಾಗಿ ಊರು ಬಿಡುವ ಸಮುದಾಯಗಳಲ್ಲಿ ಜನಸಂಖ್ಯೆಗೂ ಮತದಾರರ ಸಂಖ್ಯೆಗೂ ದೊಡ್ಡ ಅಂತರ ಇರುತ್ತದೆ. ಪಟ್ಟಿಯಲ್ಲಿ ಹೆಸರು ಒಂದು ರೀತಿ, ಗುರುತಿನ ಚೀಟಿಯಲ್ಲಿ ಇನ್ನೊಂದು ರೀತಿ ಬರೆದಿರುವುದೂ ಇವರ ಪಾಲಿಗೇ ಹೆಚ್ಚು, ಏಕೆಂದರೆ ಅವರ ಭಾಷೆಯ ಹೆಸರನ್ನು ಬೇರೆ ಭಾಷೆಯ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಾರೆ. ಆದ್ದರಿಂದ ಗಡಿಯ ಕರಡು ಬಂದಾಗ ಕೇಳಬೇಕಾದ್ದು ಮೂರು ಅಂಕಿ: ಒಟ್ಟು ಜನ, ಪಟ್ಟಿಯಲ್ಲಿರುವ ಮತದಾರರು, ಕಳೆದ ಚುನಾವಣೆಯಲ್ಲಿ ಮತಗಟ್ಟೆವಾರು ಬಿದ್ದ ಮತ. ಆಕ್ಷೇಪಣೆಯ ಗಡುವು ಮುಗಿಯುವ ಮೊದಲೇ ಇವು ಕೈಗೆ ಬರಬೇಕು.

ಪಕ್ಷಕ್ಕೆ ಬಿದ್ದ ಮತದ ಪಾಲಿಗೆ ತಕ್ಕಷ್ಟು ಸ್ಥಾನ ಕೊಡುವ ಪ್ರಮಾಣಾನುಗುಣ ಪ್ರಾತಿನಿಧ್ಯ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಇದೆ. ಅದನ್ನು ಕೆಡಿಸುವುದು ಕನಿಷ್ಠ ಮತಮಿತಿ. ಟರ್ಕಿಯಲ್ಲಿ ದೇಶದಾದ್ಯಂತ ಶೇ. 10 ಮತ ಪಡೆಯದ ಪಕ್ಷಕ್ಕೆ ಸಂಸತ್ತಿನ ಬಾಗಿಲು ಮುಚ್ಚಿತ್ತು. 2002ರ ಚುನಾವಣೆಯಲ್ಲಿ ಕುರ್ದ್ ಜನ ಹೆಚ್ಚಾಗಿರುವ ಶಿರ್ನಾಕ್ ಪ್ರಾಂತದಲ್ಲಿ ಕುರ್ದ್ ಪರ ಪಕ್ಷಕ್ಕೆ ಸುಮಾರು ಶೇ. 46 ಮತ ಬಂತು. ಆದರೆ ದೇಶದ ಮಟ್ಟದಲ್ಲಿ ಸಿಕ್ಕಿದ್ದು ಶೇ. 6ರಷ್ಟೇ. ಆ ಪ್ರಾಂತದ ಮೂರು ಸ್ಥಾನಗಳಲ್ಲಿ ಎರಡು, ಅಲ್ಲಿ ಶೇ. 14ರಷ್ಟು ಮತ ಪಡೆದ ಪಕ್ಷಕ್ಕೆ ಹೋದವು. ಮೂರನೆಯದು ಶೇ. 10ಕ್ಕೂ ಕಡಿಮೆ ಪಡೆದ ಪಕ್ಷೇತರನಿಗೆ. ಸೋತ ಅಭ್ಯರ್ಥಿಗಳಿಬ್ಬರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಮಿತಿ ವಿಪರೀತವೆಂದು ಒಪ್ಪಿದ ನ್ಯಾಯಾಲಯ, 2008ರಲ್ಲಿ ಹಕ್ಕಿನ ಉಲ್ಲಂಘನೆ ಮಾತ್ರ ಆಗಿಲ್ಲ ಎಂದು ತೀರ್ಪು ಕೊಟ್ಟಿತು. 2007 ಮತ್ತು 2011ರಲ್ಲಿ ಕುರ್ದ್ ಅಭ್ಯರ್ಥಿಗಳು ಪಕ್ಷೇತರರಾಗಿ ನಿಂತು ಮಿತಿಯನ್ನು ತಪ್ಪಿಸಿಕೊಂಡು ಹೋದರು. 2015ರ ಜೂನಿನಲ್ಲಿ ಅವರ ಪಕ್ಷ ಶೇ. 13 ದಾಟಿ 80 ಸ್ಥಾನ ಗೆದ್ದಿತು. ಮಿತಿ 2022ರಲ್ಲಿ ಶೇ. 7ಕ್ಕೆ ಇಳಿಯಿತು.

ಜರ್ಮನಿಯಲ್ಲಿ ಮಿತಿ ಶೇ. 5. ಆದರೆ ಡೇನಿಷ್, ಫ್ರಿಸಿಯನ್, ಸೋರ್ಬ್, ಸಿಂಟಿ ಮತ್ತು ರೋಮಾ ಸಮುದಾಯಗಳ ಪಕ್ಷಗಳಿಗೆ ಅದರಿಂದ ವಿನಾಯಿತಿ. 2021ರಲ್ಲಿ ಡೇನಿಷ್ ಮತ್ತು ಫ್ರಿಸಿಯನ್ ಜನರ ಪಕ್ಷ ಸುಮಾರು 55 ಸಾವಿರ ಮತದಿಂದ ಸಂಸತ್ತಿನಲ್ಲಿ ಒಂದು ಸ್ಥಾನ ಪಡೆಯಿತು. ಇದು ಮೀಸಲು ಸ್ಥಾನವಲ್ಲ ಎಂಬುದನ್ನು ಗಮನಿಸಿ. ಒಂದು ಸ್ಥಾನಕ್ಕೆ ಸಹಜವಾಗಿ ಎಷ್ಟು ಮತ ಬೇಕೋ ಅಷ್ಟನ್ನು ಅವರು ಗಳಿಸಲೇಬೇಕು. ವಿನಾಯಿತಿ ಅಡ್ಡಗೋಡೆಯನ್ನಷ್ಟೇ ತೆಗೆಯುತ್ತದೆ, ಯಾರ ಮತಕ್ಕೂ ಹೆಚ್ಚಿನ ತೂಕ ಕೊಡುವುದಿಲ್ಲ. ಅಲ್ಪಸಂಖ್ಯಾತರ ಪ್ರಾತಿನಿಧ್ಯಕ್ಕೆ ಇರುವ ಎಲ್ಲ ಉಪಾಯಗಳಲ್ಲಿ ಅತಿ ಕಡಿಮೆ ತಕರಾರಿನದು ಇದೇ ಎಂಬುದು ನಮ್ಮ ಅಭಿಪ್ರಾಯ.

ಮೀಸಲು ಸ್ಥಾನದಲ್ಲಿ ನಾವು ಮೊದಲು ಕೇಳಿದ ಪ್ರಶ್ನೆ ತೀಕ್ಷ್ಣವಾಗುತ್ತದೆ. ಭಾರತದ ಇತಿಹಾಸದಲ್ಲಿ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು. 1932ರ ಆಗಸ್ಟಿನ ಕೋಮುವಾರು ತೀರ್ಪು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು, ಅಂದರೆ ಅವರ ಪ್ರತಿನಿಧಿಯನ್ನು ಅವರೇ ಆರಿಸುವುದು. ಗಾಂಧಿಯವರ ಉಪವಾಸದ ನಡುವೆ ಸೆಪ್ಟೆಂಬರ್ 24ರಂದು ಆದ ಪೂನಾ ಒಪ್ಪಂದ ಅದನ್ನು ಬದಲಿಸಿತು: ಪ್ರಾಂತೀಯ ಸಭೆಗಳಲ್ಲಿ ಸ್ಥಾನ 71ರಿಂದ 148ಕ್ಕೆ ಏರಿತು, ಆದರೆ ಅಂತಿಮ ಚುನಾವಣೆ ಎಲ್ಲರ ಜಂಟಿ ಮತದಿಂದ. ಒಪ್ಪಂದದಲ್ಲಿ ಅಂಬೇಡ್ಕರ್ ಉಳಿಸಿಕೊಂಡ ಒಂದು ಮೆಟ್ಟಿಲು ಇತ್ತು. ಮೊದಲು ದಲಿತ ಮತದಾರರೇ ಪ್ರಾಥಮಿಕ ಚುನಾವಣೆಯಲ್ಲಿ ನಾಲ್ವರ ಪಟ್ಟಿ ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಮತದಾರರು ಆರಿಸಬೇಕು. ಸಂವಿಧಾನ ಬಂದಾಗ ಮೀಸಲು ಸ್ಥಾನ ಉಳಿಯಿತು, ಆ ಮೊದಲ ಮೆಟ್ಟಿಲು ಹೋಯಿತು. ಇಂದು ಲೋಕಸಭೆಯ 543ರಲ್ಲಿ 84 ಸ್ಥಾನ ಪರಿಶಿಷ್ಟ ಜಾತಿಗೆ, 47 ಪರಿಶಿಷ್ಟ ಪಂಗಡಕ್ಕೆ ಮೀಸಲು. ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳಲ್ಲಿ ಬಹುತೇಕ ಎಲ್ಲೆಡೆ ಆ ಸಮುದಾಯದ ಮತದಾರರು ಅರ್ಧಕ್ಕಿಂತ ಕಡಿಮೆ. ಟಿಕೆಟ್ ಕೊಡುವುದು ಪಕ್ಷ, ಗೆಲ್ಲಿಸುವುದು ಇತರರ ಮತ. ಗೆದ್ದ ಮೇಲೆ 1985ರ ಪಕ್ಷಾಂತರ ನಿಷೇಧ ಕಾಯ್ದೆಯಿಂದಾಗಿ ವಿಪ್ (ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಮೀಸಲಾತಿ ಇಲ್ಲದಿದ್ದರೆ ಆ 131 ಸ್ಥಾನಗಳಲ್ಲಿ ಹೆಚ್ಚಿನವು ಸಿಗುತ್ತಲೇ ಇರಲಿಲ್ಲ, ಇದರಲ್ಲಿ ನಮಗೆ ಅನುಮಾನವಿಲ್ಲ. ಆದರೂ ಪ್ರತಿನಿಧಿ ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗೆ 1932ರ ಆ ಎರಡು ಮೆಟ್ಟಿಲ ವಿಧಾನ ಹತ್ತಿರದ ಉತ್ತರವಾಗಿತ್ತು.

ಪ್ರತ್ಯೇಕ ಪಟ್ಟಿಯ ದಾರಿಯಲ್ಲೂ ಗುಂಡಿಗಳಿವೆ. ಹಂಗೇರಿಯಲ್ಲಿ 2014ರಿಂದ 13 ಸಮುದಾಯಗಳು ತಮ್ಮ ಪಟ್ಟಿಯಿಂದ ಸಂಸತ್ತಿಗೆ ಹೋಗಬಹುದು, ಅದೂ ಸಾಮಾನ್ಯ ಸ್ಥಾನಕ್ಕೆ ಬೇಕಾದ ಮತದ ಕಾಲುಭಾಗದಲ್ಲಿ. ಆದರೆ ಆ ಪಟ್ಟಿಗೆ ಹೆಸರು ಬರೆಸಿದವರು ಪಕ್ಷಗಳ ಪಟ್ಟಿಗೆ ಮತ ಹಾಕುವ ಹಕ್ಕನ್ನು ಬಿಟ್ಟುಕೊಡಬೇಕು. ಸಮುದಾಯಕ್ಕೆ ಒಂದೇ ಪಟ್ಟಿ, ಹಾಗಾಗಿ ಆಯ್ಕೆಯೂ ಇಲ್ಲ. ಕಾಲುಭಾಗವೂ ಸಿಗದಿದ್ದರೆ ಸದನದಲ್ಲಿ ಮಾತಾಡಬಲ್ಲ, ಮತ ಹಾಕಲಾಗದ ಒಬ್ಬ ವಕ್ತಾರ ಮಾತ್ರ. ಸ್ಲೊವೇನಿಯಾ ಇದನ್ನು ಬೇರೆ ರೀತಿ ಬಿಡಿಸಿದೆ. 90 ಸದಸ್ಯರ ಸದನದಲ್ಲಿ ಇಟಾಲಿಯನ್ ಮತ್ತು ಹಂಗೇರಿಯನ್ ಸಮುದಾಯಗಳಿಗೆ ಒಂದೊಂದು ಸ್ಥಾನ. ಅವರ ಮತದಾರರಿಗೆ ಎರಡು ಮತಪತ್ರ: ಒಂದು ಸಮುದಾಯದ ಪ್ರತಿನಿಧಿಗೆ, ಇನ್ನೊಂದು ಎಲ್ಲರಂತೆ ಪಕ್ಷಕ್ಕೆ. ಒಬ್ಬರಿಗೆ ಎರಡು ಮತವೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಆದರೆ ಎರಡರಲ್ಲಿ ಒಂದನ್ನು ಬಿಡು ಎಂದರೆ ದೇಶದ ಸರ್ಕಾರ ಯಾರದಾಗಬೇಕು ಎಂಬ ತೀರ್ಮಾನದಿಂದ ಅವರನ್ನು ಹೊರಗಿಟ್ಟಂತೆ. ನಾವು ಸ್ಲೊವೇನಿಯಾದ ಪರ.

ಸದನದ ಒಳಗೆ ಕಾಲಿಟ್ಟ ಮೇಲೆ ಏನು? ನೂರರಲ್ಲಿ ಇಬ್ಬರು ಎಷ್ಟು ಚೆನ್ನಾಗಿ ಮಾತಾಡಿದರೂ ಮತಕ್ಕೆ ಹಾಕಿದಾಗ ಸೋಲುತ್ತಾರೆ. ಮಾತಿನ ಸಮಯವನ್ನು ಪಕ್ಷದ ಬಲದಂತೆ ಹಂಚಿದರೆ ಅವರಿಗೆ ಸಿಗುವುದು ಒಂದೆರಡು ನಿಮಿಷ. ವಿಧೇಯಕ ನಿಜವಾಗಿ ರೂಪುಗೊಳ್ಳುವ ಸಮಿತಿಗಳಲ್ಲಿ ಸೀಟೇ ಇರುವುದಿಲ್ಲ. ಅದಕ್ಕೇ ಕೆಲವು ಸಂವಿಧಾನಗಳು ತಡೆಯ ಅಧಿಕಾರ ಕೊಟ್ಟಿವೆ. ಬೆಲ್ಜಿಯಂನಲ್ಲಿ ಒಂದು ಭಾಷಾ ಗುಂಪಿನ ನಾಲ್ಕನೇ ಮೂರರಷ್ಟು ಸದಸ್ಯರು ಕಾರಣ ಬರೆದು ಸಹಿ ಹಾಕಿದರೆ ವಿಧೇಯಕ ಅಲ್ಲಿಗೇ ನಿಲ್ಲುತ್ತದೆ. ಡಚ್, ಫ್ರೆಂಚ್ ಎರಡೂ ಭಾಷೆಯವರು ಸಮಸಂಖ್ಯೆಯಲ್ಲಿರುವ ಸಂಪುಟ 30 ದಿನದೊಳಗೆ ಅಭಿಪ್ರಾಯ ಕೊಡಬೇಕು. ಬಜೆಟ್ಟಿಗೆ ಇದು ಅನ್ವಯಿಸುವುದಿಲ್ಲ, ಒಂದು ವಿಧೇಯಕಕ್ಕೆ ಒಂದು ಗುಂಪು ಒಂದೇ ಸಲ ಬಳಸಬಹುದು. ಈ ಅಧಿಕಾರಕ್ಕೆ ಹಾಕಿರುವ ಬೇಲಿಯನ್ನು ನೋಡಿ: ಯಾರು, ಎಷ್ಟು ಜನ, ಯಾವ ವಿಷಯ, ಎಷ್ಟು ದಿನ, ಎಷ್ಟು ಸಲ ಎಂಬುದೆಲ್ಲ ಬರೆದಿದೆ. ಬೇಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಐರ್ಲೆಂಡ್ ನಿದರ್ಶನ. ಅಲ್ಲಿ 30 ಸದಸ್ಯರ ಸಹಿ ಇದ್ದರೆ ಯಾವುದೇ ನಿರ್ಣಯಕ್ಕೂ ಬ್ರಿಟನ್ ಪರ, ಐರ್ಲೆಂಡ್ ಪರ ಎರಡೂ ಸಮುದಾಯದ ಒಪ್ಪಿಗೆ ಬೇಕು ಎನ್ನಬಹುದಿತ್ತು, ವಿಷಯದ ಮಿತಿ ಇರಲಿಲ್ಲ. 2015ರ ನವೆಂಬರಿನಲ್ಲಿ ಸಲಿಂಗ ವಿವಾಹದ ಪರವಾದ ನಿರ್ಣಯಕ್ಕೆ ಕೂದಲೆಳೆಯ ಬಹುಮತ ಬಂದರೂ 30 ಸಹಿಯ ಇದೇ ಅರ್ಜಿ ಅದನ್ನು ತಡೆಯಿತು. ಒಂದು ಅಲ್ಪಸಂಖ್ಯಾತ ಗುಂಪನ್ನು ಕಾಯಲು ಮಾಡಿದ ಸಾಧನ ಇನ್ನೊಂದರ ಸಮಾನ ಹಕ್ಕಿಗೆ ಅಡ್ಡಬಂತು. ಆಮೇಲೆ ಒಂದಕ್ಕಿಂತ ಹೆಚ್ಚು ಪಕ್ಷದವರ ಸಹಿ, 14 ದಿನದ ಪರಿಶೀಲನೆ ಎಂಬ ಷರತ್ತುಗಳು ಬಂದವು.

ಸಮುದಾಯಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿದಂತೆ ಸಂವಿಧಾನದಲ್ಲಿ ಬರೆಯುವುದು ಇದಕ್ಕಿಂತ ದೊಡ್ಡ ಅಪಾಯ. ಯುದ್ಧ ನಿಲ್ಲಿಸಲು 1995ರಲ್ಲಿ ಡೇಟನ್ನಿನಲ್ಲಿ ಆದ ಒಪ್ಪಂದ ಬೋಸ್ನಿಯಾದ ಅಧ್ಯಕ್ಷ ಮಂಡಳಿಯ ಮೂರು ಸ್ಥಾನವನ್ನು, ಮೇಲ್ಮನೆಯ 15 ಸ್ಥಾನವನ್ನು ಬೋಸ್ನಿಯಾಕ್, ಕ್ರೊಯೇಟ್, ಸರ್ಬ್ ಜನರಿಗೆ ಸಮವಾಗಿ ಹಂಚಿತು. ರೋಮಾ ಆಗಿದ್ದ ದೆರ್ವೊ ಸೆಯ್‌ದಿಚ್ ಮತ್ತು ಯಹೂದಿಯಾಗಿದ್ದ ಯಾಕೊಬ್ ಫಿಂಚಿ ಆ ಸ್ಥಾನಗಳಿಗೆ ನಿಲ್ಲುವಂತೆಯೇ ಇರಲಿಲ್ಲ. 2009ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಾರತಮ್ಯ ಎಂದಿತು. ಅದರ ನಂತರವೂ 2010, 2014, 2018, 2022ರ ಚುನಾವಣೆಗಳು ಅದೇ ನಿಯಮದಡಿ ನಡೆದವು. ಕಾರಣ ಸರಳ: ನಿಯಮ ಬದಲಿಸುವ ಮತ ಇರುವುದು ಆ ನಿಯಮದಿಂದ ಗೆದ್ದವರ ಕೈಯಲ್ಲಿ. ಮಾರಿಷಸ್ಸಿನಲ್ಲಿ 62 ಜನ ಚುನಾಯಿತರಾದ ಮೇಲೆ ಸಮುದಾಯಗಳ ಸಮತೋಲಕ್ಕಾಗಿ ಸೋತವರಲ್ಲಿ ಎಂಟು ಜನರವರೆಗೆ ಸೇರಿಸುತ್ತಾರೆ. ಲೆಕ್ಕಕ್ಕೆ ಆಧಾರ 1972ರ ಜನಗಣತಿ, ಏಕೆಂದರೆ ಆಮೇಲಿನ ಗಣತಿಗಳಲ್ಲಿ ಸಮುದಾಯ ಕೇಳುವುದನ್ನೇ ಬಿಟ್ಟರು. ನಾಲ್ಕು ಸಮುದಾಯಗಳಲ್ಲಿ ತಾನು ಯಾವುದಕ್ಕೆ ಸೇರಿದವನು ಎಂದು ಬರೆಯದ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗುತ್ತಿತ್ತು. 2012ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದು 1966ರ ಒಡಂಬಡಿಕೆಯ 25ನೇ ವಿಧಿಯ ಉಲ್ಲಂಘನೆ ಎಂದಿತು.

ಗುರುತನ್ನು ಹೇರದೆ ಸ್ಥಾನ ಕೊಡಲು ಸಾಧ್ಯವೇ? ನ್ಯೂಜಿಲೆಂಡ್ ಅದಕ್ಕೆ ಬಹಳ ಕಾಲ ತೆಗೆದುಕೊಂಡಿತು. 1867ರ ಕಾಯ್ದೆ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ನಾಲ್ಕು ಸ್ಥಾನ ಕೊಟ್ಟಿತು. ಜನಸಂಖ್ಯೆ ಎಷ್ಟೇ ಬೆಳೆದರೂ 1990ರ ದಶಕದವರೆಗೆ ಅದು ನಾಲ್ಕೇ. ಉಳಿದವರಿಗೆ 1870ರಲ್ಲೇ ಬಂದ ಗುಪ್ತ ಮತದಾನ ಮಾವೊರಿ ಸ್ಥಾನಗಳಿಗೆ ಬಂದದ್ದು 1938ರ ಚುನಾವಣೆಗೆ. ಅಲ್ಲಿಯವರೆಗೆ ಅಧಿಕಾರಿಯ ಎದುರು ಬಾಯಿಬಿಟ್ಟು ಹೆಸರು ಹೇಳಬೇಕಿತ್ತು. 1975ರಲ್ಲಿ ಮಾವೊರಿ ವಂಶದ ಮತದಾರರಿಗೆ ಮಾವೊರಿ ಪಟ್ಟಿಯೋ ಸಾಮಾನ್ಯ ಪಟ್ಟಿಯೋ ಎಂದು ಆರಿಸುವ ಅವಕಾಶ ಬಂತು. ಈಗ ಸ್ಥಾನಗಳ ಸಂಖ್ಯೆ ಆ ಆಯ್ಕೆಯಿಂದಲೇ ಹುಟ್ಟುತ್ತದೆ. ಮಾವೊರಿ ಮತದಾರರಲ್ಲಿ ಎಷ್ಟು ಪಾಲು ಮಾವೊರಿ ಪಟ್ಟಿಯಲ್ಲಿದ್ದಾರೋ ಅಷ್ಟೇ ಪಾಲನ್ನು ಮಕ್ಕಳೂ ಸೇರಿದಂತೆ ಒಟ್ಟು ಮಾವೊರಿ ಜನಸಂಖ್ಯೆಗೆ ಹಚ್ಚಿ, ದಕ್ಷಿಣ ದ್ವೀಪದ 16 ಸಾಮಾನ್ಯ ಕ್ಷೇತ್ರಗಳ ಸರಾಸರಿ ಜನಸಂಖ್ಯೆಯಿಂದ ಭಾಗಿಸುತ್ತಾರೆ. 2002ರಿಂದ ಬರುತ್ತಿರುವ ಉತ್ತರ ಏಳು. ಹೆಚ್ಚು ಜನ ಆ ಪಟ್ಟಿಗೆ ಬಂದರೆ ಸ್ಥಾನ ಹೆಚ್ಚುತ್ತದೆ, ಬಿಟ್ಟುಹೋದರೆ ಇಳಿಯುತ್ತದೆ. ಪಟ್ಟಿ ಬದಲಿಸುವ ಅವಕಾಶ ಹಿಂದೆ ಜನಗಣತಿಯ ಆಸುಪಾಸಿನ ಕೆಲವು ತಿಂಗಳಷ್ಟೇ ತೆರೆದಿರುತ್ತಿತ್ತು. 2023ರ ಮಾರ್ಚ್ 31ರಿಂದ, ಚುನಾವಣೆಗೆ ಮುಂಚಿನ ಮೂರು ತಿಂಗಳು ಬಿಟ್ಟು, ಯಾವತ್ತು ಬೇಕಾದರೂ ಬದಲಿಸಬಹುದು.